ಮೂರು ತಿಂಗಳ ಗುಟ್ಟು

"ನಾವು ಹೆರಿಗೆ ನೋವು ಬರೋವರೆಗೂ ನಾಟಿ ಮಾಡ್ತಿದ್ವಿ, ಈಗಿನವರಿಗೆ ತಿಂಗಳು ನಿಂತ ಮಾರನೆ ದಿನವೇ ಹಾಸಿಗೆ ಬೇಕು." ಈ ಮಾತು ಕೇಳಿಸಿಕೊಳ್ಳದ ಬಸುರಿ ನಮ್ಮಲ್ಲಿ ವಿರಳ. ನಾಟಿ ಮಾಡಿಯೂ ಬದುಕುಳಿದವರಷ್ಟೇ ಇಂದು ಆ ಕಥೆ ಹೇಳುತ್ತಿದ್ದಾರೆ ಎಂದರೆ ಅದಕ್ಕೆ ಉತ್ತರ ಮುಗಿಯಿತು.

ಮೊದಲ ಮೂರು ತಿಂಗಳಲ್ಲಿ ಹೆಣ್ಣು ಎಷ್ಟು ಓಡಾಡಬೇಕೆಂದು ತೀರ್ಮಾನಿಸುವವರು ಅವಳ ಸುತ್ತಲಿನವರು. ಬೈಸಿಕೊಳ್ಳುವವಳು ಮಾತ್ರ ಅವಳು. ದೇಹದ ಪಾಲೂ ಇದೆ, ನಿಜ. ಪ್ರೊಜೆಸ್ಟೆರಾನ್ ಏರಿದಂತೆ ಹಗಲಲ್ಲೂ ತೂಕಡಿಕೆ, ಒಗ್ಗರಣೆಯ ವಾಸನೆಗೇ ಓಕರಿಕೆ. ಸಾಲದ್ದಕ್ಕೆ ರಕ್ತಹೀನತೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳಿಗೆ ವಾಕಿಂಗ್ ಉಪದೇಶಕ್ಕಿಂತ ಮೊದಲು ಬೇಕಾದದ್ದು ಕಬ್ಬಿಣದ ಮಾತ್ರೆ.

"ನಡೆದರೆ ಗರ್ಭ ಇಳಿದೀತು" ಎಂಬ ಅತ್ತೆಯ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಕಳೆದುಕೊಂಡವರನ್ನು ಕಣ್ಣಾರೆ ಕಂಡವರ ಭಯ ಅದು. ರಕ್ತ ಕಾಣಿಸಿಕೊಂಡರೆ, ಹಿಂದೆ ಗರ್ಭ ನಿಲ್ಲದೆ ಹೋಗಿದ್ದರೆ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಬೇಕು. ಆದರೆ ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದನ್ನು ನಡಿಗೆ ತರುವುದಿಲ್ಲ, ಹಾಸಿಗೆ ತಡೆಯುವುದಿಲ್ಲ. ಅಂಥ ತೊಡಕಿಲ್ಲದ ಗರ್ಭಿಣಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ.

ಆ ಇಪ್ಪತ್ತು ನಿಮಿಷ ಯಾರ ಕೈಯಲ್ಲಿದೆ? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಮುಂದೆ ನಿಂತ ಹುಡುಗಿಯನ್ನು ನೋಡಿ. ಬೆಳಗಿನಿಂದ ಸಂಜೆವರೆಗೆ ನಿಂತೇ ಕೆಲಸ, ಪಕ್ಕದಲ್ಲಿ ಇಸ್ತ್ರಿಯ ಹಬೆ. ಎದ್ದುಹೋದರೆ ಟಾರ್ಗೆಟ್ ತಪ್ಪುತ್ತದೆಂದು ನೀರನ್ನೂ ಕಡಿಮೆ ಕುಡಿಯುತ್ತಾಳೆ. ದೃಷ್ಟಿ ತಾಗೀತೆಂದು ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಕೂಡದೆಂಬುದು ಮನೆಯ ಕಟ್ಟಪ್ಪಣೆ. ಹೇಳಿದರೆ ಕೆಲಸಕ್ಕೇ ಕುತ್ತು ಬಂದೀತೆಂಬುದು ಅವಳದೇ ಭಯ. ಹಾಗಾಗಿ ವಾಂತಿ ಬಂದರೆ ಸೂಪರ್‌ವೈಸರ್‌ಗೆ "ಪಿತ್ತ ಸಾರ್" ಅನ್ನುತ್ತಾಳೆ. ಇನ್ನು ಕಾನೂನು? ಗರ್ಭಿಣಿ ಕೇಳಿಕೊಂಡರೆ ಭಾರದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಕೊಡಕೂಡದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. ಆದರೆ ಆ ರಕ್ಷಣೆ ಹೆರಿಗೆಗೆ ಮುಂಚಿನ ಸುಮಾರು ಹತ್ತು ವಾರಗಳಿಗೆ ಮಾತ್ರ. 2017ರಲ್ಲಿ ರಜೆ 12 ವಾರದಿಂದ 26ಕ್ಕೆ ಏರಿತು, ಈ ಲೆಕ್ಕ ಮಾತ್ರ ಅಲುಗಲಿಲ್ಲ. ಹೊಟ್ಟೆ ಕಾಣುವವರೆಗೆ ಕಾನೂನಿನ ಕಣ್ಣಿಗೂ ಅವಳು ಬಸುರಿಯಲ್ಲ.

ಸಂಜೆ ಅವಳಿಗೆ "ಸ್ವಲ್ಪ ವಾಕ್ ಮಾಡಮ್ಮಾ" ಎನ್ನುವುದು ಕ್ರೌರ್ಯ. ದಿನವಿಡೀ ಮೈ ದಣಿಸಿದ್ದು ಮಾಲೀಕನ ಬಟ್ಟೆಗೆ, ಅವಳ ಆರೋಗ್ಯಕ್ಕಲ್ಲ.

ಹಳ್ಳಿಯಲ್ಲಿ ಸಂಗತಿ ಇನ್ನೊಂದು ಬಗೆ. 2017ರಲ್ಲಿ ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆ ತಂದು, ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಉಣ್ಣಬೇಕೆಂದಿತು. ಮಲೆನಾಡಿನ ಒಂಟಿ ಮನೆಗಳಿಂದ ಏರು-ಇಳುಕಲು ದಾಟಿ ಹೋಗುವುದು ಹೇಗೆಂಬ ಆಕ್ಷೇಪ ಎದ್ದಿತು. ನಡೆಯುವ ಕಾರಣವನ್ನು ಸರ್ಕಾರವೇ ಕೊಟ್ಟರೂ ದಾರಿ, ಮಳೆ, ಮನೆಗೆಲಸ ಕಾಲು ಹಿಡಿಯುತ್ತವೆ.

ಆದ್ದರಿಂದ ಬಸುರಿಗೆ ಬುದ್ಧಿಮಾತು ಹೇಳಿದ್ದು ಸಾಕು. ಉಳಿದವರ ಪಾಲು ಬಾಕಿಯಿದೆ. ಕಾನೂನಿನ ರಕ್ಷಣೆ ಮೊದಲ ಮೂರು ತಿಂಗಳಿಗೂ ಹಬ್ಬಲಿ. ತಾಯಿ ಕಾರ್ಡ್ ಮಾಡಿಸಿದ ದಿನದಿಂದಲೇ ಕಾರ್ಖಾನೆಯಲ್ಲಿ ಅವಳಿಗೊಂದು ಕುರ್ಚಿ ಸಿಗಲಿ. ಮನೆಯಲ್ಲಿ ಗಂಡ ರಾತ್ರಿಯ ಪಾತ್ರೆ ತೊಳೆಯಲಿ. ಆಮೇಲೂ ಅವಳು ನಡೆಯದಿದ್ದರೆ, ಅದು ಅವಳ ಇಷ್ಟ.