ಮಡಿಕೆಯೊಳಗೆ ಮುಚ್ಚಿಹೋಗುವ ಸಲಹೆ

ಆಸ್ಪತ್ರೆಗಳಲ್ಲಿ ಹಂಚುವ ಆರೋಗ್ಯ ಕರಪತ್ರಗಳನ್ನು ನೀವೂ ನೋಡಿರಬಹುದು. ಒಂದು ಹಾಳೆ, ಎರಡು ಮಡಿಕೆ, ಎರಡೂ ಬದಿ ಸೇರಿ ಆರು ಪುಟ. ಬಣ್ಣ ಚೆನ್ನಾಗಿರುತ್ತದೆ, ಕಾಗದ ನುಣುಪಾಗಿರುತ್ತದೆ. ಆದರೆ ಮಗುವಿಗೆ ವಾಂತಿಭೇದಿ ಹತ್ತಿದ ರಾತ್ರಿ ಅದು ತಾಯಿಯ ನೆರವಿಗೆ ಬರುವುದೇ?

ಮುಖಪುಟ ತೆರೆದೊಡನೆ ಎಡಕ್ಕೆ ಒಳಗಿನ ಮೊದಲ ಪುಟ ಕಾಣುತ್ತದೆ. ಬಲಕ್ಕೆ ಕಾಣುವುದು ಒಳಕ್ಕೆ ಮಡಿಚಿದ ಪುಟದ ಬೆನ್ನು. ಒಳಗಿನ ಎರಡನೆಯ ಪುಟ ಅದರಡಿ ಮುಚ್ಚಿರುತ್ತದೆ. ಬರೆದವರು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ನೋಡುತ್ತಾರೆ; ಓದುವವರಾದರೋ ಮಡಿಚಿದ್ದನ್ನು ಒಂದೊಂದಾಗಿ ತೆರೆಯುತ್ತಾರೆ.

ಮೊದಲ ಪುಟದ ಕೊನೆಗೆ 'ಓ.ಆರ್.ಎಸ್. ಪುಡಿಯನ್ನೆಲ್ಲ ನೀರಿಗೆ ಸುರಿಯಿರಿ' ಎಂದಿದ್ದು, 'ನೀರು ಒಂದು ಲೀಟರ್' ಎಂಬುದು ಮುಚ್ಚಿದ ಪುಟದಲ್ಲಿದ್ದರೆ? ಗಾಬರಿಯಲ್ಲಿರುವ ತಾಯಿ ಒಂದು ಲೋಟಕ್ಕೇ ಬೆರೆಸಿಬಿಡಬಹುದು. ಆಗ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ಲವಣ ಸಾಲದು.

1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಈ ದ್ರಾವಣವನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಹೇಳಿದ್ದು ಸರಳವಾಗಿದ್ದರೆ ಸಾಮಾನ್ಯರೂ ಜೀವ ಉಳಿಸಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಕರಪತ್ರ ಮಾಡಿಸುವವರಲ್ಲಿ ನಮ್ಮ ವಿನಂತಿ ಇಷ್ಟು. ಬೆರೆಸುವ ವಿಧಾನ ಪೂರ್ತಿ ಒಂದೇ ಪುಟದಲ್ಲಿರಲಿ. ಅಪಾಯದ ಚಿಹ್ನೆಗಳು ಬಿಡಿಸದೆಯೇ ಕಾಣುವ ಹಿಂಪುಟದಲ್ಲಿರಲಿ: ಮಗು ಕುಡಿಯಲಾರದು, ಮಂಕಾಗಿದೆ, ಕಣ್ಣು ಗುಳಿಬಿದ್ದಿದೆ, ಮಲದಲ್ಲಿ ರಕ್ತವಿದೆ. ಮಡಿಕೆಯ ಗೆರೆಯ ಮೇಲೆ ಅಂಕಿ ಬೇಡ; ಮಡಿಚಿ ಮಡಿಚಿ ಶಾಯಿ ಉದುರುತ್ತದೆ. ಎ-4 ಹಾಳೆಯ ಉದ್ದ 297 ಮಿಲಿಮೀಟರ್. ಒಳಕ್ಕೆ ಹೋಗುವ ಪುಟಕ್ಕೆ 97, ಉಳಿದೆರಡಕ್ಕೆ ತಲಾ 100 ಇಟ್ಟರೆ ಅಂಚು ಮುದುಡುವುದಿಲ್ಲ. ಗಣ್ಯರ ಭಾವಚಿತ್ರಕ್ಕಿಂತ ಲೋಟ, ಚಮಚದ ಚಿತ್ರ ಮೇಲು.

ಅಚ್ಚಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಮಡಿಚಿ, ಹೊರರೋಗಿಗಳ ಸಾಲಿನಲ್ಲಿರುವ ಒಬ್ಬ ತಾಯಿಯ ಕೈಗೆ ಕೊಡಿ. 'ಇದನ್ನು ನೋಡಿ ಬೆರೆಸಮ್ಮ' ಎನ್ನಿ. ಆಕೆ ತಡವರಿಸಿದರೆ ತಿದ್ದಬೇಕಾದದ್ದು ಕರಪತ್ರವನ್ನು. ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಹಾಳೆ ಮಾತ್ರ.

ಓದುಗರಿಗೂ ಒಂದು ಮಾತು. ಓ.ಆರ್.ಎಸ್. ಪೊಟ್ಟಣಗಳು ಚಿಕ್ಕವೂ ಇವೆ, ದೊಡ್ಡವೂ ಇವೆ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರನ್ನು ಅಳೆದು ಬೆರೆಸಿರಿ, ಎದೆಹಾಲು ನಿಲ್ಲಿಸಬೇಡಿ. ಬೆರೆಸಿ ಇಪ್ಪತ್ನಾಲ್ಕು ಗಂಟೆ ಕಳೆದರೆ ಚೆಲ್ಲಿ, ಹೊಸದನ್ನು ಮಾಡಿಕೊಳ್ಳಿ.