ಬಾನು ಎಂದರೆ ಬಾನು

2025ರ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಬಾನು ಮುಷ್ತಾಕ್ ಅವರನ್ನು ಕರೆದಾಗ ಎದ್ದ ಗದ್ದಲ ಓದುಗರಿಗೆ ಗೊತ್ತೇ ಇದೆ. ಕರೆದದ್ದು ತಪ್ಪೆಂದವರು ಹೈಕೋರ್ಟಿಗೆ ಹೋದರು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದರು, ಎರಡೂ ಕಡೆ ಸೋತರು, ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಆಯಿತು. ಆ ಜಗಳ ಮುಗಿದಿದೆ. ನಮ್ಮ ತಕರಾರು ಇನ್ನೊಂದು ವಿಷಯದ್ದು, ಅದು ಮುಗಿದಿಲ್ಲ. ಆ ದಿನಗಳಲ್ಲಿ ಪರವಾಗಿ ಬರೆದವರಲ್ಲೂ ವಿರುದ್ಧ ಬರೆದವರಲ್ಲೂ ಎಷ್ಟೋ ಜನ ಆಕೆಯ ಹೆಸರನ್ನು 'ಭಾನು' ಎಂದು ಬರೆದರು, ವಾಹಿನಿಗಳಲ್ಲಿ ಹಾಗೆಯೇ ಓದಿದರು. ಬಾನು ಪಾರಸಿ ಮೂಲದ ಮಾತು, ಗೌರವಸ್ಥ ಹೆಣ್ಣುಮಗಳು ಎಂದು ಅರ್ಥ. ಭಾನು ಸಂಸ್ಕೃತದ ಸೂರ್ಯ. ಲಂಕೇಶ್ ಪತ್ರಿಕೆಯ ಕಾಲದಿಂದ ಕನ್ನಡದಲ್ಲೇ ಬರೆಯುತ್ತ ಬಂದ, ತಮ್ಮ ಹೆಸರನ್ನು ಪುಸ್ತಕಗಳ ಮುಖಪುಟದ ಮೇಲೆ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿಸಿದ ಲೇಖಕಿಯ ಹೆಸರಿದು. ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೂ ಅದನ್ನು ಒಮ್ಮೆ ನೋಡಿ ಬರೆಯುವ ತಾಳ್ಮೆ ನಮ್ಮ ಸುದ್ದಿಮನೆಗಳಿಗೆ ಇರಲಿಲ್ಲ. ಆಕೆಯ ಪರವಾಗಿ ಹೊಡೆದಾಡಿದವರೂ ಆಕೆಯ ಹೆಸರಿನ 'ಬ'ಕ್ಕೆ ಹೊಟ್ಟೆ ಸೀಳಿದ್ದು ನಮಗೆ ಹೆಚ್ಚು ನೋವು ತಂದ ಸಂಗತಿ.

ಇದನ್ನು ಅಕ್ಷರದೋಷ ಎಂದು ತಳ್ಳಿಹಾಕಲು ನಾವು ಒಪ್ಪುವುದಿಲ್ಲ. ಬೆರಳು ಜಾರಿ ಆದ ತಪ್ಪಾಗಿದ್ದರೆ ಅದು ದಿನಕ್ಕೊಂದು ಬಗೆಯಲ್ಲಿ ಆಗಬೇಕಿತ್ತು. ಇಲ್ಲಿ ಎಲ್ಲರೂ ಒಂದೇ ಕಡೆಗೆ, ಸಂಸ್ಕೃತದ ಕಡೆಗೆ ಜಾರಿದರು. ಹೆಸರೊಂದು ಕಂಡ ಕೂಡಲೇ ಅದರ 'ಶುದ್ಧ ರೂಪ' ಯಾವುದೆಂದು ತಾವೇ ನಿರ್ಧರಿಸಿ, ಹೆಸರಿನವರನ್ನು ಕೇಳದೆ ತಿದ್ದಿಬಿಡುವ ಅಭ್ಯಾಸ ಇದರ ಹಿಂದಿದೆ. ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದಕ್ಕೆ ಆ ಹೆಸರಿನವರ ಬಾಯೇ ಪ್ರಮಾಣ ಎನ್ನುವುದು ಈ ಪತ್ರಿಕೆಯ ನಿಲುವು. ನಿಘಂಟು, ಸಂಸ್ಕೃತ ವ್ಯಾಕರಣ, ಇಂಗ್ಲಿಷ್ ಕಾಗುಣಿತ, ದೆಹಲಿಯ ವಾಹಿನಿ ಇವೆಲ್ಲ ಆಮೇಲಿನ ಮಾತು.

ನವೆಂಬರ್ ಬಂತೆಂದರೆ ಉಚ್ಚಾರಣೆ ಶುದ್ಧಿಯ ಲೇಖನಗಳು ಸಾಲುಗಟ್ಟುತ್ತವೆ. ಶಂಕರನನ್ನು ಸಂಕರ ಅನ್ನುತ್ತಾರೆ, ಹನುಮಂತನನ್ನು ಅನುಮಂತ ಅನ್ನುತ್ತಾರೆ, ಲಕ್ಷ್ಮಿ ಲಕ್ಸ್ಮಿ ಆಗಿದ್ದಾಳೆ ಎಂಬ ಅದೇ ಅಳಲು. ಈ ಅಳಲಿನ ಗುರಿ ಯಾವಾಗಲೂ ಒಂದೇ ಬಗೆಯ ಜನ: ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಓದು ಕಲಿತವರು. ನಮ್ಮ ಸಿನಿಮಾ ಹಾಸ್ಯ ಹಲವು ದಶಕ ಈ 'ಹ'ಕಾರ 'ಅ'ಕಾರದ ಮೇಲೆಯೇ ನಗೆ ಗಿಟ್ಟಿಸಿಕೊಂಡಿತು. ಇಂಥ ಲೇಖನ ಬರೆಯುವವರು ತಿರುಗಿ ನೋಡಬೇಕಾದದ್ದು ಕೇಶಿರಾಜನನ್ನು. ಆತನ 13ನೆಯ ಶತಮಾನದ ವ್ಯಾಕರಣ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವಿದೆ. ಸಂಸ್ಕೃತದ ಮಾತು ಕನ್ನಡ ಬಾಯಿಗೆ ಬಂದಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಆತ ಅಲ್ಲಿ ನಿಯಮವಾಗಿ ಬರೆದಿಟ್ಟ. ಸಂಸ್ಕೃತದ 'ಲ' ಕನ್ನಡದಲ್ಲಿ 'ಳ' ಆಗುವುದಕ್ಕೆ 'ಕ್ಷಳ' ಎಂಬ ಹೆಸರೇ ನಮ್ಮ ವ್ಯಾಕರಣದಲ್ಲಿದೆ. ಮುರಳಿ, ಸರಳಾ, ಮಂಗಳಾ ಎಂದು ಮಕ್ಕಳಿಗೆ ಹೆಸರಿಡುವ ಮನೆಗಳೆಲ್ಲ ಆ ನಿಯಮದ ಪ್ರಕಾರವೇ ಹೆಸರಿಟ್ಟಿವೆ.

ಅಷ್ಟೇಕೆ, ಕನ್ನಡ ನಾಡಿನ ಅತಿ ದೊಡ್ಡ ಹೆಸರೇ ನಮ್ಮ ಪರ ಸಾಕ್ಷಿ ಹೇಳುತ್ತದೆ. ಬಸವ ಎಂಬುದು ವೃಷಭದ ತದ್ಭವ. ಶುದ್ಧಿವಾದಿಗಳ ಲೆಕ್ಕದಲ್ಲಿ ಮೂರಕ್ಕೆ ಮೂರೂ ಅಕ್ಷರ ಕೆಟ್ಟ ಹೆಸರು. ಬಸವಣ್ಣನನ್ನು ವೃಷಭಣ್ಣ ಎಂದು ತಿದ್ದಲು ಯಾರಿಗೂ ಧೈರ್ಯ ಬರಲಿಲ್ಲ. ಬ್ರಹ್ಮ ಬೊಮ್ಮನಾಗಿ ಬೊಮ್ಮಣ್ಣ, ಬೊಮ್ಮಯ್ಯರಾದರು. ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವನೂ ಹೌದು, ಆ 'ಬಿಟ್ಟಿ' ವಿಷ್ಣುವಿನದೇ ಕನ್ನಡ ರೂಪ ಎಂದು ವಿದ್ವಾಂಸರು ಹೇಳುತ್ತಾರೆ. ಮಹದೇಶ್ವರ ಮಲೆಯ ಭಕ್ತರಿಗೆ ಮಾದೇಶ್ವರ, ಮಾದಪ್ಪ, ಮಾದೇವ. ದೊರೆಗೂ ಶರಣನಿಗೂ ದೇವರಿಗೂ ಸಲ್ಲುವ ನ್ಯಾಯ ಮಂಡ್ಯದ ಒಬ್ಬ ಸಂಕರನಿಗೆ ಯಾಕೆ ಸಲ್ಲಬಾರದು? ಶಾಲೆಯ ಹಾಜರಿ ಪುಸ್ತಕದಲ್ಲಿ ಸಿದ್ದ ಸಿದ್ಧರಾಜು ಆದದ್ದು, ಈರಪ್ಪ ವೀರಪ್ಪ ಆದದ್ದು ಯಾವ ಶುದ್ಧಿಯೂ ಅಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಮೇಷ್ಟರ ಪೆನ್ನಿನ ಪಾಲಾಯಿತು.

ಹಾಗಾದರೆ ಮಹಾಪ್ರಾಣವೇ ಬೇಡವೆಂದ ಶಂಕರ ಬಟ್ಟರ ಪಕ್ಷ ನಿಮ್ಮದೋ ಎಂದು ಕೇಳುವವರಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ತಮ್ಮ ಹೆಸರನ್ನು ಮಹಾಪ್ರಾಣ ಬಿಟ್ಟು ಬರೆದುಕೊಂಡರು. ಅವರ ಬರಹ ಸುಧಾರಣೆಯನ್ನು ಒಪ್ಪದವರು ಅವರ ಬಗ್ಗೆ ಬರೆಯುವಾಗ ಪಟ್ಟು ಹಿಡಿದು 'ಭಟ್' ಎಂದು ತಿದ್ದಿದ್ದು ಸಭ್ಯತೆ ಮೀರಿದ ಕೆಲಸ. ವಾದವನ್ನು ವಾದದಿಂದ ಎದುರಿಸಬೇಕು, ಹೆಸರಿಗೆ ಕೈ ಹಾಕಬಾರದು. ಅದೇ ಹೊತ್ತಿಗೆ, ತನ್ನ ಹೆಸರನ್ನು ಭಾರತಿ ಎಂದು ನಿಚ್ಚಳವಾಗಿ ಹೇಳುವ ಹೆಣ್ಣುಮಗಳನ್ನು, ಕನ್ನಡಕ್ಕೆ ಮಹಾಪ್ರಾಣ ಸಹಜವಲ್ಲ ಎಂಬ ಸಿದ್ಧಾಂತ ಹೇಳಿ ಬಾರತಿ ಎಂದು ಬರೆಯುವ ಹಕ್ಕೂ ಯಾರಿಗೂ ಇಲ್ಲ. ಎರಡೂ ಕಡೆಯವರು ಭಾಷೆಯ ಹೆಸರಿನಲ್ಲಿ ಜಗಳ ಆಡುತ್ತ ಹೆಸರಿನ ಒಡೆಯರನ್ನು ಮರೆತಿದ್ದಾರೆ.

ಶುದ್ಧಿಯ ಕಾವಲುಗಾರರು ಕಾಣದೇ ಬಿಟ್ಟ ನಿಜವಾದ ಹಾನಿ ಹೆಸರುಗಳ ಕೊನೆಯಲ್ಲಿ ಆಗುತ್ತಿದೆ. ಕನ್ನಡದ ಹೆಸರು ಸ್ವರದಲ್ಲಿ ಮುಗಿಯುತ್ತದೆ. ಹಿಂದಿಯಲ್ಲಿ ಕೊನೆಯ 'ಅ' ಬಿದ್ದುಹೋಗಿ ರಾಮ ರಾಮ್ ಆಗುತ್ತಾನೆ, ಅದು ಹಿಂದಿಯ ಜಾಯಮಾನ, ಅವರಿಗೆ ಅದೇ ಸರಿ. ಆ ಚಾಳಿ ಸಿನಿಮಾದಿಂದಲೂ ಇಂಗ್ಲಿಷ್ ಶಾಲೆಯಿಂದಲೂ ನಮ್ಮಲ್ಲಿಗೆ ಬಂದು ಈಗ ಹೆಸರಿನವರು ಕೇಳದಿದ್ದರೂ ಅವರ ಮೇಲೆ ಹೇರಲಾಗುತ್ತಿದೆ. ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳ ಮೇಲೆ ಕಂಡದ್ದು 'ಗಿರೀಶ ಕಾರ್ನಾಡ'. ಬೆಂಗಳೂರಿನ ಪತ್ರಿಕೆಗಳಲ್ಲಿ ಅವರು ಬದುಕಿದ್ದಾಗಲೂ ಹೋದ ಮೇಲೂ 'ಗಿರೀಶ್ ಕಾರ್ನಾಡ್'. ಗಾಯಕ ಮಲ್ಲಿಕಾರ್ಜುನ ಮನಸೂರರ ಪಾಡು ಇನ್ನೂ ಕಷ್ಟದ್ದು. ಮನಸೂರ ಧಾರವಾಡದ ಪಕ್ಕದ ಊರು, 1910ರಲ್ಲಿ ಅವರು ಹುಟ್ಟಿದ ಊರು. ಹಿಂದಿಯವರು ಅದನ್ನು ಮಂಸೂರ್ ಎಂದು ಬರೆದರು, ನಮ್ಮವರು ಮನ್ಸೂರ್ ಎಂದರು, ಊರಿನ ಹೆಸರು ಅರಬ್ಬಿಯ ಒಂದು ಹೆಸರಿನಲ್ಲಿ ಕರಗಿಹೋಯಿತು. ಬಾನು ಸಂಸ್ಕೃತವಾದದ್ದೂ ಮನಸೂರ ಅರಬ್ಬಿಯಾದದ್ದೂ ಒಂದೇ ಸಾಲಿನ ಅಪಚಾರ.

ಕೊನೆಯ ಒಂದು 'ಅ' ಹೋದರೆ ಏನಾಯಿತು ಎನ್ನುವವರು ಆ ಹೆಸರನ್ನು ಮನೆಯಲ್ಲಿ ಹೇಗೆ ಕೂಗುತ್ತಾರೆ ಎಂದು ಕೇಳಿಸಿಕೊಳ್ಳಲಿ. ಅಂಕಪಟ್ಟಿಯಲ್ಲಿ ಆನಂದ್ ಎಂದು ಇದ್ದವನನ್ನು ತಾಯಿ ಗದ್ದೆಯ ಆಚೆ ಬದಿಯಿಂದ ಕರೆಯುವಾಗ 'ಆನಂದಾ' ಎನ್ನುತ್ತಾಳೆ. 'ದ್' ಎಂಬುದನ್ನು ಎಳೆಯಲು ಬರುವುದಿಲ್ಲ. ಓರಗೆಯವರು ಆನಂದಣ್ಣ ಎನ್ನುತ್ತಾರೆ, ಅವನ ಮನೆ ಆನಂದನ ಮನೆ, ಹೇಳಿ ಕಳಿಸುವುದು ಆನಂದನಿಗೆ. ಕನ್ನಡದ ವಿಭಕ್ತಿ ಹತ್ತಿದೊಡನೆ ಸ್ವರ ತಾನಾಗಿ ಮರಳುತ್ತದೆ. ಪತ್ರಿಕೆಗಳು ಮಾತ್ರ 'ಆನಂದ್‌ಗೆ', 'ಆನಂದ್‌ನ' ಎಂದು ಹೆಸರಿಗೂ ಪ್ರತ್ಯಯಕ್ಕೂ ನಡುವೆ ಕಂದಕ ತೋಡಿ ಬರೆಯುತ್ತಿವೆ.

ಇದಕ್ಕೆ ಬಲವಾದ ಆಕ್ಷೇಪ ರಾಜ್‌ಕುಮಾರ್. ಸಿಂಗಾನಲ್ಲೂರಿನ ಮುತ್ತುರಾಜು 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದರು, ಕೋಟಿ ಜನ ಹಾಗೆಯೇ ಕರೆದರು, ಅದನ್ನೂ ರಾಜಕುಮಾರ ಎಂದು ತಿದ್ದುತ್ತೀರಾ ಎಂದು ಕೇಳಬಹುದು. ತಿದ್ದುವುದಿಲ್ಲ. ಅದು ಅವರು ಒಪ್ಪಿ ಹೊತ್ತ ಹೆಸರು. ರಮೇಶ್ ಎಂದು ತನ್ನನ್ನು ತಾನು ಹೇಳಿಕೊಳ್ಳುವವನು ರಮೇಶ್ ಆಗಿಯೇ ಇರಲಿ, ವ್ಯಂಜನಾಂತವನ್ನು ನಾಡಿನಿಂದ ಓಡಿಸುವ ಚಳವಳಿ ನಮ್ಮದಲ್ಲ. ಗಿರೀಶ ಎಂದು ಬರೆದುಕೊಂಡವರನ್ನು ಗಿರೀಶ್ ಮಾಡಬೇಡಿ ಎಂಬುದಷ್ಟೇ ಬೇಡಿಕೆ.

ಇನ್ನು ಇಂಗ್ಲಿಷಿನ ದಾರಿ. ದಕ್ಷಿಣದವರು 'ತ'ಕ್ಕೆ ಟಿ-ಎಚ್ ಬರೆಯುತ್ತಾರೆ, ಉತ್ತರದವರು ಬರೀ ಟಿ ಬರೆಯುತ್ತಾರೆ. ಹೀಗಾಗಿ ನಮ್ಮ ಲತಾ, ಸವಿತಾ ಉತ್ತರದ ವಾಚಕರ ಬಾಯಲ್ಲಿ ಲಥಾ, ಸವಿಥಾ. 'ಳ'ಕ್ಕೆ ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲ, ಸರಳಾ ಸರಲಾ ಆಗುತ್ತಾಳೆ. ಆರ್-ಎ-ಎಂ-ಎ ಎಂದು ಬರೆದರೆ ರಾಮನೋ ರಮಾಳೋ ದೇವರೇ ಬಲ್ಲ. ಪರವೂರಿನವರು ಎಡವಿದರೆ ಕ್ಷಮಿಸಬಹುದು. ಕನ್ನಡದ ಹೆಸರು ಕನ್ನಡಿಗರದೇ ಕಚೇರಿಯಲ್ಲಿ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಗಾಯವಾಗಿ ಕನ್ನಡಕ್ಕೆ ಮರಳುವುದನ್ನು ಹೇಗೆ ಕ್ಷಮಿಸುವುದು? ಆಧಾರ್ ನೋಂದಣಿಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹೆಸರನ್ನು ತಂತ್ರಾಂಶ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ತಿದ್ದಲು ಅವಕಾಶವಿದೆ, ತಿದ್ದುವವರು ಕಡಿಮೆ. ಸುಧಾ ಸುದಾ ಆಗಿ, ಮಂಗಳಾ ಮಂಗಲಾ ಆಗಿ ಕಾರ್ಡು ಕೈಗೆ ಬಂದ ಮೇಲೆ ಬ್ಯಾಂಕಿಗೂ ಪಿಂಚಣಿಗೂ ಅದೇ ಹೆಸರು ಸುತ್ತಾಡುತ್ತದೆ. ಇಂಗ್ಲಿಷ್ ಕಾಗುಣಿತ ಎಷ್ಟು ಜಾಳು ಎಂಬುದಕ್ಕೆ ಯಡಿಯೂರಪ್ಪನವರ ಹೆಸರೇ ಸಾಕು. 2007ರಲ್ಲಿ ಅದರ ಇಂಗ್ಲಿಷ್ ಅಕ್ಷರಗಳನ್ನು ಬದಲಿಸಿಕೊಂಡರು, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂದರು. ಅಷ್ಟೂ ವರ್ಷ ಕನ್ನಡದಲ್ಲಿ ಯಡಿಯೂರಪ್ಪ ಯಡಿಯೂರಪ್ಪನಾಗಿಯೇ ಉಳಿಯಿತು, ಯಡಿಯೂರು ಸಿದ್ಧಲಿಂಗೇಶ್ವರನ ಊರಿನ ಗುರುತೂ ಅದರಲ್ಲಿ ಹಾಗೇ ಉಳಿಯಿತು. ಉಚ್ಚಾರಣೆಯನ್ನು ಇಷ್ಟು ಖಚಿತವಾಗಿ ಹಿಡಿಯುವ ಲಿಪಿ ಕೈಯಲ್ಲಿದ್ದೂ ಸೋರುವ ಲಿಪಿಯನ್ನು ಮೂಲವೆಂದು ನಂಬುವುದು ನಮ್ಮ ಕಚೇರಿಗಳ ಹಟಮಾರಿ ತಪ್ಪು.

ನಾಲಿಗೆಗೆ ಬಾರದ ಸದ್ದನ್ನು ಯಾರಿಂದ ಹೇಳಿಸಲು ಸಾಧ್ಯ ಎಂಬ ಪ್ರಶ್ನೆಯೂ ಉಂಟು. ಬಾರದಿರುವುದು ಬೇರೆ, ಬೇಕೆಂದು ಕೆಡಿಸುವುದು ಬೇರೆ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಜಾರ್ಜಿಯಾದ ಚುನಾವಣಾ ಸಭೆಯಲ್ಲಿ ಸೆನೆಟರ್ ಡೇವಿಡ್ ಪರ್ಡ್ಯೂ, ಸೆನೆಟ್ಟಿನಲ್ಲಿ ತಮ್ಮ ಜೊತೆಗೇ ಇದ್ದ ಕಮಲಾ ಹ್ಯಾರಿಸರ ಹೆಸರನ್ನು ಬಗೆಬಗೆಯಾಗಿ ತಿರುಚಿ ಜನರನ್ನು ನಗಿಸಿದರು. ಅದಕ್ಕೆ ನಾಲಿಗೆಯ ನೆಪ ಹೇಳಲು ಬರುವುದಿಲ್ಲ. ಅದೇ ಹೆಸರು ಕನ್ನಡಿಗರಿಗೂ ಒಂದು ಪರೀಕ್ಷೆ. ನಮಗೆ ಕಮಲಾ ಎಂದರೆ 'ಕ' ಹ್ರಸ್ವ. ಆಕೆ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಒತ್ತಿ, ಕಾಮಲಾ ಎಂದು ನಮ್ಮ ಕಿವಿಗೆ ಕೇಳುವಂತೆ ಹೇಳುತ್ತಾರೆ. ಮೂಲ ನಮ್ಮ ಕಡೆಯದು, ನಾವೇ ಸರಿ ಎಂದು ಆಕೆಗೆ ಪಾಠ ಹೇಳಲು ಹೊರಟರೆ ಬಾನುವನ್ನು ಭಾನು ಮಾಡಿದವರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ನಮ್ಮ ನಾಡಿನಲ್ಲೇ ಲೇಖಕ ಬೊಳುವಾರು ಮಹಮದ್ ಕುಂಞಿ ಇದ್ದಾರೆ. ವರ್ಣಮಾಲೆಯಲ್ಲಿ ಕಲಿತು ಮರೆತ 'ಞ' ಅವರ ಹೆಸರಿನಲ್ಲಿ ಜೀವಂತವಾಗಿದೆ. ಅಕ್ಷರ ಸಿಗಲಿಲ್ಲವೆಂದು ಅದನ್ನು ಕುಂಜಿ, ಕುನ್ಹಿ ಮಾಡುವುದು ಸೋಮಾರಿತನ. ಮಹಮದ್, ಮಹಮ್ಮದ್, ಮುಹಮ್ಮದ್ ಈ ಮೂರನ್ನೂ ಒಂದೇ ಅಚ್ಚಿಗೆ ಹಾಕುವ ಪತ್ರಿಕೆಗಳ 'ಶೈಲಿ ಕೈಪಿಡಿ'ಗಳೂ ಅದೇ ಸೋಮಾರಿತನದವು. ಬೊಳುವಾರರದು 'ಮ'ಕ್ಕೆ ಒತ್ತಿಲ್ಲದ ಮಹಮದ್, ಇನ್ನೊಬ್ಬ ಲೇಖಕ ಕಟ್ಪಾಡಿಯವರದು ಮುಹಮ್ಮದ್.

2014ರ ನವೆಂಬರ್ 1ರಿಂದ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಯಂತೆ ಬೆಂಗಳೂರು, ಮೈಸೂರು, ಬೆಳಗಾವಿ ಎಂದಾಗಬೇಕೆಂದು ಕರ್ನಾಟಕ ಕೇಂದ್ರದಿಂದ ಒಪ್ಪಿಗೆ ಪಡೆಯಿತು. ಊರಿಗೆ ಸಿಕ್ಕ ಈ ಮರ್ಯಾದೆ ಊರಿನ ಜನರ ಹೆಸರಿಗೆ ಇನ್ನೂ ಸಿಕ್ಕಿಲ್ಲ. ಸರ್ಕಾರ ಮಾಡಬೇಕಾದ್ದು ದೊಡ್ಡದೇನೂ ಅಲ್ಲ: ಜನನ ನೋಂದಣಿಯಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರನ್ನು ಮೊದಲು ಕನ್ನಡದಲ್ಲಿ, ಮನೆಯವರು ಹೇಳಿದಂತೆ ಬರೆಯಿಸಿ ಅವರಿಗೇ ಓದಿ ತೋರಿಸುವುದು, ಇಂಗ್ಲಿಷನ್ನು ಅದರಿಂದ ಮಾಡಿಕೊಳ್ಳುವುದು.

ಈ ಸಂಚಿಕೆಯನ್ನು ಹೆಸರುಗಳಿಗೇ ಮೀಸಲಿಟ್ಟಿದ್ದೇವೆ. ಮುಂದಿನ ಸಂಚಿಕೆಯಿಂದ ಬರಹ ಕಳಿಸುವ ಎಲ್ಲರೂ ತಮ್ಮ ಹೆಸರನ್ನು ಕನ್ನಡದಲ್ಲಿ, ತಾವು ಹೇಳಿಕೊಳ್ಳುವಂತೆಯೇ ಬರೆದು ಕಳಿಸಬೇಕೆಂದು ಕೋರುತ್ತೇವೆ. ಕರಡು ತಿದ್ದುವವರು ಬರಹದಲ್ಲಿ ಏನನ್ನು ತಿದ್ದಿದರೂ ಹೆಸರನ್ನು ಮುಟ್ಟುವುದಿಲ್ಲ. ಸಂಕರ ಎಂದು ಬರೆದು ಕಳಿಸಿದರೆ ಸಂಕರ ಎಂದೇ ಅಚ್ಚಾಗುತ್ತದೆ.