ದಾನವಲ್ಲ, ಋಣ

ನೆರೆಯವನ ಹೊಲವನ್ನು ಕೆಡಿಸಿದವನು ಅವನಿಗೆ ಹಿಡಿ ಧಾನ್ಯವನ್ನಿತ್ತು ದಾನಿಯೆನಿಸಿಕೊಳ್ಳುವುದು ಧರ್ಮವಲ್ಲ. ಆದ ನಷ್ಟವನ್ನು ತುಂಬಿಕೊಡುವುದೇ ಧರ್ಮ. ಈ ಸರಳ ನ್ಯಾಯವು ರಾಷ್ಟ್ರಗಳ ನಡುವೆಯೂ ಸಲ್ಲಬೇಕೆಂದು ಕೇಳಿದ್ದು ದಕ್ಷಿಣ ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ವನುವಾಟು. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಯನ್ನು ಅದು ವಿಶ್ವಸಂಸ್ಥೆಗೆ ಒಯ್ದಿತು. ಮಹಾಸಭೆಯು 2023ರ ಮಾರ್ಚ್ 29ರಂದು ಅದನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿತು.

2025ರ ಜುಲೈ 23ರಂದು ನ್ಯಾಯಾಲಯವು ಒಮ್ಮತದಿಂದ ಉತ್ತರಿಸಿತು: ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆ, ಹೊಣೆ ತಪ್ಪಿದ್ದರಿಂದಲೇ ಹಾನಿಯಾಯಿತೆಂದು ಸಿದ್ಧವಾದಲ್ಲಿ ಪೂರ್ಣ ಪರಿಹಾರ ಸಲ್ಲಬೇಕು. ಯಾರ ಹೊಗೆಯಿಂದ ಯಾರಿಗೆ ಕೇಡಾಯಿತೆಂದು ತೋರಿಸುವುದು ಸುಲಭವಲ್ಲ. ಅಸಾಧ್ಯವೂ ಅಲ್ಲವೆಂಬುದು ನ್ಯಾಯಾಲಯದ ನಿಲುವು.

ಇದು ಸಲಹಾ ಅಭಿಪ್ರಾಯ, ಯಾರನ್ನೂ ಬಂಧಿಸದು ಎಂಬುದು ನಿಜ. ಆದರೂ ಇದರ ಬೆಲೆ ಕಿರಿದಲ್ಲ. 2022ರಲ್ಲಿ ಶರ್ಮ್ ಎಲ್ ಶೇಖ್ ಸಮ್ಮೇಳನವು ಒಪ್ಪಿದ ‘ನಷ್ಟ ಮತ್ತು ಹಾನಿ’ ನಿಧಿಗೆ ಸಿರಿವಂತ ರಾಷ್ಟ್ರಗಳು ಕೊಡುತ್ತಿರುವುದು ಸ್ವಇಚ್ಛೆಯ ಕಾಣಿಕೆ. ಕೊಡುವವನು ಕೈ ಮುಚ್ಚಿದರೆ ಬೇಡುವವನು ತಲೆ ತಗ್ಗಿಸಿ ಹಿಂದಿರುಗಬೇಕು. ಋಣವಾದರೋ ತಲೆಯೆತ್ತಿ ಕೇಳತಕ್ಕದ್ದು.

ನುಡಿ ನ್ಯಾಯಾಲಯದಿಂದ ಬಂದಿದೆ. ಇನ್ನು ನಡೆ, ಹೊಗೆಯಿಂದ ಸಿರಿ ಗಳಿಸಿದ ರಾಷ್ಟ್ರಗಳದು.